ಅಳಿಯ ಎಂದರೆ ಯಾವ ಅಳಿಯ?

ಮುಂಬಯಿಯ ಹಳೆ ಹೋಟೆಲುಗಳ ಕಾಗದಪತ್ರಗಳಲ್ಲಿ ಒಂದು ಶಬ್ದ ಪದೇ ಪದೇ ಎದುರಾಗುತ್ತದೆ: ಅಳಿಯ. ಪಾಲುದಾರಿಕೆ ಪತ್ರದಲ್ಲಿ ಅಳಿಯ, ಊರಿನ ಜಮೀನಿನ ಪತ್ರದಲ್ಲಿ ಅಳಿಯ, ಟ್ರಂಕಿನ ತಳದಲ್ಲಿ ಸಿಗುವ ಇನ್‌ಲ್ಯಾಂಡ್ ಪತ್ರದಲ್ಲೂ ಅಳಿಯ. ಹಿರಿಯರು ಬದುಕಿದ್ದಾಗ ಇದು ತೊಡಕೇ ಅಲ್ಲ. ಅವರ ನಂತರ, ಇಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮೊಮ್ಮಕ್ಕಳ ಕೈಗೆ ಟ್ರಂಕು ಬಂದಾಗ ತೊಡಕು ಶುರುವಾಗುತ್ತದೆ.

ನಮ್ಮ ಸದಸ್ಯ ಬಂಧುಗಳೊಬ್ಬರ ಮನೆಯಲ್ಲಿ ಆದದ್ದು ಇದೇ. ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೊರಟಿತು, ಹೋಟೆಲಿನಲ್ಲಿ ಯಾರಿಗೆಷ್ಟು ಪಾಲು ಎಂದು ತೋರಿಸಬೇಕಾಯಿತು. ಸಿಕ್ಕಿದ ಕಾಗದಗಳು ಮೂರು. 1952ರ ಕನ್ನಡ ಪಾಲುದಾರಿಕೆ ಪತ್ರದಲ್ಲಿ ಅವರ ಅಜ್ಜ, ಹೋಟೆಲು ಕಟ್ಟಿದ ಹಿರಿಯರ ‘ಅಳಿಯ’, ರೂಪಾಯಿಗೆ ಆರಾಣೆ ಪಾಲು. ಮರಾಠಿಯಲ್ಲಿ ಬರೆಸಿದ ಹಳೆ ಅರ್ಜಿಯಲ್ಲಿ ಅದೇ ಅಜ್ಜ ‘ಜಾವಯಿ’, ಅಂದರೆ ಮಗಳ ಗಂಡ. ರೇಷನ್ ಕಾರ್ಡಿನಲ್ಲಿ ನೇರವಾಗಿ ‘ಮಗ’! ಒಬ್ಬನೇ ಮನುಷ್ಯ ಮಗನೂ ಹೌದು, ಮಗಳ ಗಂಡನೂ ಹೌದು ಎಂದರೆ ಯಾವ ವಕೀಲರು ಒಪ್ಪುತ್ತಾರೆ?

ಇನ್ನೊಂದು ಕಡೆ, ಆ ಹಿರಿಯರ ಸ್ವಂತ ಮಕ್ಕಳ ಸಂಸಾರ ಪುಣೆಯಲ್ಲಿದೆ. ‘ಅಪ್ಪನ ಹೋಟೆಲನ್ನು ಅಳಿಯ ಹೊಡೆದುಕೊಂಡ’ ಎಂಬ ಮಾತು ಆ ಮನೆಯಲ್ಲಿ ಐವತ್ತು ವರ್ಷಕ್ಕೂ ಹಳೆಯದು. ಮದುವೆಯ ಕರೆಯೋಲೆಯೂ ಆಚೀಚೆ ಹೋಗುತ್ತಿರಲಿಲ್ಲ.

ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ಅಕ್ಕತಂಗಿಯರ ಮಗನೂ ಅಳಿಯ. ಬೇರೆ ಮಾಡಿ ಹೇಳಬೇಕಾದರೆ ಸೋದರಳಿಯ ಎನ್ನಬೇಕು. ಮನೆಯ ಮಾತಿನಲ್ಲಿ ಯಾರು ಹಾಗೆನ್ನುತ್ತಾರೆ? ಮರಾಠಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಶಬ್ದ: ಜಾವಯಿ, ಭಾಚಾ. ಅರ್ಜಿ ಬರೆದಾತ ಕೇಳಿದ್ದು ‘ಅಳಿಯ’, ಬರೆದದ್ದು ‘ಜಾವಯಿ’.

ರೇಷನ್ ಕಾರ್ಡಿನ ‘ಮಗ’ನಿಗೆ ಕಾರಣ ಅಡ್ಡಹೆಸರು. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ, ಜೈನ ಮನೆಗಳಲ್ಲಿ ಅಳಿಯಸಂತಾನ ಕಟ್ಟು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡಸಿನ ನಂತರ ಕುಟುಂಬದ ಯಜಮಾನಿಕೆ ಅವನ ಮಗನಿಗಲ್ಲ, ಸೋದರಿಯ ಮಗನಿಗೆ. ಮನೆತನದ ಹೆಸರೂ ತಾಯಿಯದೇ. ಹಿಂದೆ ಅಪ್ಪ ಹೆಗ್ಡೆ, ಮಗ ಶೆಟ್ಟಿ ಆಗಿದ್ದ ಮನೆಗಳಿದ್ದವು. ಆದರೆ ಮಾವನಿಗೂ ಸೋದರಳಿಯನಿಗೂ ಹೆಸರು ಹೊಂದುತ್ತಿತ್ತು. ಹೆಸರಿನ ನಡುವೆ ಅಪ್ಪನ ಹೆಸರು ಬರೆಯುವ ಮುಂಬಯಿಯಲ್ಲಿ, ಒಂದೇ ಅಡ್ಡಹೆಸರಿನ ಇಬ್ಬರನ್ನು ಒಂದೇ ಮನೆಯಲ್ಲಿ ಕಂಡ ಗುಮಾಸ್ತ ಇನ್ನೇನು ಬರೆದಾನು?

ನಮ್ಮ ಉದ್ಯಮ ಬೆಳೆದದ್ದೂ ಹೀಗೆಯೇ ಅಲ್ಲವೆ? ಮಾವ ಊರಿನಿಂದ ಅಕ್ಕನ ಮಗನನ್ನು ಕರೆತಂದ, ಕಪ್ಪುಬಸಿ ತೊಳೆಯಲು ಹಚ್ಚಿದ, ರಾತ್ರಿಶಾಲೆಗೆ ಕಳಿಸಿದ, ಕೊನೆಗೆ ಗಲ್ಲಾದಲ್ಲಿ ಕೂರಿಸಿದ.

ಆದರೆ ಊಹೆ ಸಾಕಾಗದು. ಸೋದರಳಿಯ ಮಾವನ ಮಗಳನ್ನೇ ಮದುವೆಯಾಗುವುದೂ ನಮ್ಮಲ್ಲಿದೆ. ಆಗ ಆತ ಎರಡು ಬಗೆಯಲ್ಲೂ ಅಳಿಯ. ಗಂಟು ಬಿಡಿಸಿದವರು ಕಾರ್ಕಳದ ಕಡೆಯ ಒಬ್ಬ ವೃದ್ಧೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬರಿ ಯಾವುದು?’ ಬರಿ (ಬಳಿ ಎಂದೂ ಹೇಳುತ್ತಾರೆ) ತಾಯಿಯಿಂದ ಬರುತ್ತದೆ, ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಹಿರಿಯರದೂ ಅಜ್ಜನದೂ ಒಂದೇ ಬರಿ. ಆದ್ದರಿಂದ ಅಜ್ಜ ಮಗನಲ್ಲ. ಮಗನಿಗೆ ತಾಯಿಯ ಬರಿ ಬರಬೇಕಿತ್ತು. ಇನ್ನು ಅಜ್ಜಿ? ಆಕೆ ಹಿರಿಯರ ಮಗಳಾಗಿದ್ದರೆ ಹಿರಿಯರ ಹೆಂಡತಿಯ ಬರಿ ಇರಬೇಕು. ಅದಿರಲಿಲ್ಲ. ಅಲ್ಲಿಗೆ ‘ಜಾವಯಿ’ಯೂ ಹೋಯಿತು.

ಇದಕ್ಕೆ ಕಾಗದದ ಪುರಾವೆ ಊರಿನ ವಿಭಾಗ ಪತ್ರದಲ್ಲಿ ಸಿಕ್ಕಿತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ಆದ ಪಾಲು ಅದು (ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು). ಅದರಲ್ಲಿ ಕವರುವಾರು ಹೆಸರುಗಳಿವೆ. ಕವರು ಎಂದರೆ ಒಬ್ಬ ಹೆಂಗಸು, ಆಕೆಯ ಮಕ್ಕಳು ಮತ್ತು ಹೆಣ್ಣಿನ ಕಡೆಯಿಂದ ಇಳಿದು ಬಂದವರು. ಹಿರಿಯರ ತಂಗಿಯ ಹೆಸರಿನ ಕೆಳಗೆ ಅಜ್ಜನ ಹೆಸರಿತ್ತು. ಹಿರಿಯರ ಹೆಂಡತಿ ಮಕ್ಕಳ ಹೆಸರು ಎಲ್ಲೂ ಇಲ್ಲ. ಅವರು ಬೇರೆ ಕುಟುಂಬದವರು.

ಶಿವಳ್ಳಿ, ಕೋಟ, ಸಾರಸ್ವತ ಬಂಧುಗಳಿಗೆ ಈ ಉಪಾಯ ಸಲ್ಲದು. ಅಲ್ಲಿ ಮಕ್ಕಳಕಟ್ಟು, ಸಾಮಾನ್ಯವಾಗಿ ಎರಡು ಬಗೆಯ ಅಳಿಯನಿಗೂ ಗೋತ್ರ ಬೇರೆಯೇ ಆಗಿರುತ್ತದೆ. ಮದುವೆಯ ಕರೆಯೋಲೆಗಳನ್ನೇ ಹುಡುಕಬೇಕು.

ಸಂಬಂಧ ಗೊತ್ತಾದರೆ ಹಕ್ಕೂ ತೀರ್ಮಾನವಾಯಿತೆಂದಲ್ಲ. ಹಿರಿಯರು ತೀರಿಕೊಂಡದ್ದು 1961ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಆ ನಂತರ ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಗಳಿಕೆ ಹೆಂಡತಿ, ಮಕ್ಕಳು, ಬದುಕಿದ್ದರೆ ತಾಯಿ, ಇವರಿಗೆ ಸೇರುತ್ತದೆ. ಕೇವಲ ಸೋದರಳಿಯ ಎಂಬ ಕಾರಣಕ್ಕೆ ಅಳಿಯನಿಗೆ ಬರುವುದಿಲ್ಲ. ಅಂದರೆ ಆರಾಣೆ ಅಜ್ಜನದೇ, ಅದು ಪತ್ರದ ಪ್ರಕಾರ ಬಂದದ್ದು, ಕದ್ದದ್ದಲ್ಲ. ಉಳಿದ ಹತ್ತಾಣೆಯ ಲೆಕ್ಕ ಪುಣೆಯವರಿಗೆ ಎಂದೂ ಕೊಟ್ಟಿರಲಿಲ್ಲ. ಎರಡು ಮನೆಯಲ್ಲೂ ಅರ್ಧರ್ಧ ಸತ್ಯವಿತ್ತು ಎನ್ನಿ.

ಇಷ್ಟು ಹಳೆಯ ಲೆಕ್ಕ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ವಕೀಲರು ರಾಜಿಗೆ ಹೇಳಿದರು. ನಮ್ಮ ಸದಸ್ಯರು ತಾವಾಗಿ ಪುಣೆಗೆ ಹೋಗಿ ಮೂರೂ ಕಾಗದ, ವಿಭಾಗ ಪತ್ರದ ನಕಲು ಎಲ್ಲವನ್ನೂ ಮುಂದಿಟ್ಟರು. ಮಾತುಕತೆಗೆ ಎಂಟು ತಿಂಗಳು ಹಿಡಿಯಿತು. ಅಫಿಡವಿಟ್ಟಿನಲ್ಲಿ ‘ಅಳಿಯ’ ಎಂದು ಬಿಡದೆ ‘ತಂಗಿಯ ಮಗ’ ಎಂದು ಬರೆಸಿದರು, ಮರಾಠಿ ಪ್ರತಿಯಲ್ಲಿ ‘ಭಾಚಾ’. ಸಹಿಯ ದಿನ ಪುಣೆಯಿಂದ ಹಿರಿಯರ ಮಗಳೇ ಬಂದಿದ್ದರು. ಹೋಟೆಲಿನ ಗಲ್ಲಾದ ಮೇಲಿರುವ ಅಪ್ಪನ ಫೋಟೋವನ್ನು ಅವರು ನೋಡಿದ್ದು ಅದೇ ಮೊದಲು.