ಕನ್ನದ ಕಾನೂನು

ಮಣ್ಣಿನ ಗೋಡೆಗಳ ಕಾಲದಲ್ಲಿ ಕಳ್ಳ ಬಾಗಿಲಿನ ಗೊಡವೆಗೆ ಹೋಗದೆ ಗೋಡೆಯನ್ನೇ ಕೊರೆಯುತ್ತಿದ್ದ. ಆ ಕಂಡಿಯೇ ಕನ್ನ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಚಾರುದತ್ತನ ಮನೆಗೆ ನುಗ್ಗುವ ಶರ್ವಿಲಕ, ಕನ್ನದ ಅಳತೆಗೆ ತನ್ನ ಜನಿವಾರವನ್ನೇ ಬಳಸುತ್ತಾನೆ. ಗೋಡೆ ಸಿಮೆಂಟಿನದಾದರೂ ಪೊಲೀಸರ ಮಾತಿನಲ್ಲಿ ‘ಕನ್ನ ಕಳವು’ ಉಳಿದುಕೊಂಡಿದೆ.

1860ರ ಭಾರತೀಯ ದಂಡ ಸಂಹಿತೆ ‘ಮನೆ ಒಡೆಯುವುದು’ ಎಂದರೇನೆಂದು ವಿವರಿಸುವಾಗ ಕೊಟ್ಟ ಮೊದಲ ಉದಾಹರಣೆಯೂ ಗೋಡೆಯ ಕಂಡಿಯದೇ. ಒಳಗೆ ಕೈ ತೂರಿಸಿದರೆ ಸಾಕು, ಅಪರಾಧ ಪೂರ್ಣ. ಮನೆಯವರು ಕಳೆದುಕೊಂಡ ಬೀಗದ ಕೈ ಸಿಕ್ಕಿ, ಅದರಿಂದ ಬಾಗಿಲು ತೆರೆದು ಅಕ್ರಮವಾಗಿ ಹೊಕ್ಕರೂ ಮನೆ ಒಡೆದಂತೆಯೇ. ಒಂದು ಹೆಂಚೂ ಒಡೆದಿರಬೇಕಿಲ್ಲ!

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 330 ಮತ್ತು 331ನೇ ಕಲಂಗಳಾಗಿವೆ. ಶಿಕ್ಷೆಯ ಮೆಟ್ಟಿಲು ಮಾತ್ರ ಹಳೆಯದೇ. ಕದಿಯಲೆಂದು ತೆರೆದ ಬಾಗಿಲಿನಿಂದ ಹೊಕ್ಕವನಿಗೆ ಗರಿಷ್ಠ 7 ವರ್ಷ, ಹಗಲಲ್ಲಿ ಮನೆ ಒಡೆದವನಿಗೆ 10, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಒಡೆದವನಿಗೆ 14. ಏನೂ ದಕ್ಕದೆ ಬರಿಗೈಯಲ್ಲಿ ಮರಳಿದರೂ ಇದೇ ಲೆಕ್ಕ. ಮಲಗಿದ ಮನೆಯವರ ಅಸಹಾಯಕತೆಗೆ ಕಾನೂನು ಕಟ್ಟಿದ ಬೆಲೆ ಇದು. ಅನಿವಾರ್ಯವಾದಲ್ಲಿ ರಾತ್ರಿ ಕನ್ನ ಹಾಕುವವನ ಪ್ರಾಣ ಹೋಗುವಷ್ಟರ ಮಟ್ಟಿಗೂ ಆತ್ಮರಕ್ಷಣೆಯ ಹಕ್ಕು ಚಾಚುತ್ತದೆ.

ಇಷ್ಟು ಕಠಿಣ ಶಿಕ್ಷೆಯಿರುವಾಗ ಆರೋಪಿಗೆ ಇರುವ ಗುರಾಣಿ ಯಾವುದು? ಮೊದಲನೆಯದು ಉದ್ದೇಶ. ಅದನ್ನು ಸಾಬೀತುಪಡಿಸಬೇಕಾದುದು ಸರ್ಕಾರಿ ಪಕ್ಷ. ತನ್ನದೇ ವಸ್ತುವೆಂದು ಪ್ರಾಮಾಣಿಕವಾಗಿ ನಂಬಿ ಎತ್ತಿಕೊಂಡವನು ಕಳ್ಳನಾಗುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೂ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಅದರಿಂದ ಮಾಲು ಪತ್ತೆಯಾದರೆ, ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಷ್ಟೇ ಸಾಕ್ಷ್ಯ.

ಆದರೆ ಕನ್ನ ಹಾಕುವುದನ್ನು ಕಣ್ಣಾರೆ ಕಂಡವರು ಸಿಗುವುದು ಅಪರೂಪ. ಆದ್ದರಿಂದ ಎಷ್ಟೋ ಮೊಕದ್ದಮೆಗಳು ಸಿಕ್ಕ ಮಾಲಿನ ಮೇಲೆಯೇ ನಿಲ್ಲುತ್ತವೆ. ಕಳವಾದ ಸ್ವಲ್ಪದರಲ್ಲೇ ಮಾಲು ಯಾರ ಬಳಿ ಸಿಕ್ಕಿ, ಅದು ಬಂದ ಬಗೆಯನ್ನು ಅವನು ಹೇಳಲಾರನೋ, ಅವನೇ ಕದ್ದವನು ಅಥವಾ ಕದ್ದದ್ದೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಭಾವಿಸಬಹುದು. ಭಾವಿಸಲೇಬೇಕೆಂದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. 1872ರ ಸಾಕ್ಷ್ಯ ಅಧಿನಿಯಮವೇ ಇದಕ್ಕೊಂದು ಅಂಗಡಿಯ ಉದಾಹರಣೆ ಕೊಟ್ಟಿತ್ತು. ಗುರುತು ಹಾಕಿದ ರೂಪಾಯಿಯೊಂದು ಕಳವಾಗಿ, ಸ್ವಲ್ಪದರಲ್ಲೇ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಸಿಗುತ್ತದೆ. ಅದನ್ನು ಕೊಟ್ಟವರು ಯಾರೆಂದು ಅವನು ಹೇಳಲಾರ. ದಿನವಿಡೀ ರೂಪಾಯಿಗಳನ್ನು ಎಣಿಸಿಕೊಳ್ಳುತ್ತಲೇ ಇರುವವನು ಹೇಗೆ ಹೇಳಿಯಾನು?