ಕಾರಾಗೃಹದಿಂದ ಬಿಡುಗಡೆಯಾದವರ ಮರಣ: ಅಧ್ಯಯನ ವಿಧಾನಗಳು

ಬಂಧನದಲ್ಲಿ ಸಂಭವಿಸುವ ಮರಣಕ್ಕೆ ದಾಖಲೆಯಿದೆ, ಹೊಣೆಗಾರಿಕೆಯೂ ಇದೆ. ಭಾರತದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 1993ರ ಸೂಚನೆಯಂತೆ ಅಂತಹ ಮರಣವನ್ನು 24 ಗಂಟೆಗಳೊಳಗೆ ಆಯೋಗಕ್ಕೆ ವರದಿ ಮಾಡಬೇಕು. ಆದರೆ ಬಿಡುಗಡೆಗೊಂಡ ವ್ಯಕ್ತಿಯು ಹತ್ತನೆಯ ದಿನ ತೀರಿಕೊಂಡರೆ ಆ ಸಾವು ಸಾಮಾನ್ಯ ಮರಣ ನೋಂದಣಿಯಲ್ಲಿ ಬೆರೆತುಹೋಗುತ್ತದೆ. ಆತ ಬಂದಿಯಾಗಿದ್ದನೆಂಬುದು ಅಲ್ಲಿ ನಮೂದಾಗುವುದಿಲ್ಲ. ಇಂತಹ ಮರಣಗಳನ್ನು ಸಂಶೋಧಕರು ಗುರುತಿಸುವ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಮೂಲಭೂತ ವಿಧಾನವೆಂದರೆ ದಾಖಲೆಗಳ ಜೋಡಣೆ. ಕಾರಾಗೃಹದ ಬಿಡುಗಡೆ ಪಟ್ಟಿಯನ್ನು ಹೆಸರು, ಜನ್ಮದಿನಾಂಕ ಮೊದಲಾದ ಗುರುತುಗಳ ಮೂಲಕ ಮರಣ ನೋಂದಣಿಯೊಡನೆ ಹೋಲಿಸಲಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರ ಜುಲೈನಿಂದ 2003ರ ಡಿಸೆಂಬರ್‌ವರೆಗೆ ಬಿಡುಗಡೆಯಾದ 30,237 ಜನರ ವಿವರಗಳನ್ನು ಅಲ್ಲಿನ ರಾಷ್ಟ್ರೀಯ ಮರಣ ಸೂಚಿಯೊಡನೆ ಜೋಡಿಸಿ ಇಂಗ್ರಿಡ್ ಬಿನ್ಸ್‌ವಾಂಗರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ನಿದರ್ಶನ. ಸರಾಸರಿ 1.9 ವರ್ಷಗಳ ಅವಧಿಯಲ್ಲಿ 443 ಮರಣಗಳು ಕಂಡುಬಂದವು. ಹೆಸರಿನ ಕಾಗುಣಿತ ವ್ಯತ್ಯಾಸದಿಂದ ಜೋಡಣೆ ತಪ್ಪಿದರೆ ಸತ್ತವರು ಬದುಕಿರುವವರೆಂದೇ ಎಣಿಕೆಯಾಗುತ್ತಾರೆ. ಆಗ ಮರಣದರ ವಾಸ್ತವಕ್ಕಿಂತ ಕಡಿಮೆಯಾಗಿ ತೋರುತ್ತದೆ.

ಎರಡನೆಯ ಅಂಶ ಛೇದದ ಆಯ್ಕೆ. ಬಿಡುಗಡೆಯಾದವರಲ್ಲಿ ಅನೇಕರು ಮತ್ತೆ ಬಂಧನಕ್ಕೊಳಗಾಗುವುದರಿಂದ ತಲೆಯೆಣಿಕೆ ಸಾಲದು. ಅವರು ಹೊರಗೆ ಕಳೆದ ದಿನಗಳನ್ನು ಕೂಡಿಸಿ ವ್ಯಕ್ತಿ-ವರ್ಷಗಳಲ್ಲಿ ಹೇಳಬೇಕು. ಒಂದು ಕಾಲ್ಪನಿಕ ಉದಾಹರಣೆ: ಸಾವಿರ ಜನರು ಬಿಡುಗಡೆಯಾಗಿ, ಮೊದಲ ಎರಡು ವಾರಗಳಲ್ಲಿ ಒಬ್ಬರು, ವರ್ಷದ ಉಳಿದ ಭಾಗದಲ್ಲಿ ಐವರು ತೀರಿಕೊಂಡರೆನ್ನೋಣ. ಇಡೀ ವರ್ಷದ ದರ ಲಕ್ಷಕ್ಕೆ 600. ಆದರೆ ಮೊದಲ ಎರಡು ವಾರಗಳೆಂದರೆ ಸುಮಾರು 38 ವ್ಯಕ್ತಿ-ವರ್ಷಗಳು ಮಾತ್ರ. ಆ ಅವಧಿಯ ದರ ಲಕ್ಷ ವ್ಯಕ್ತಿ-ವರ್ಷಗಳಿಗೆ ಸುಮಾರು 2,600, ಉಳಿದ ಅವಧಿಯದು ಸುಮಾರು 520. ವಾರ್ಷಿಕ ಸರಾಸರಿಯು ಅತ್ಯಂತ ಅಪಾಯದ ದಿನಗಳನ್ನೇ ಮರೆಮಾಡುತ್ತದೆ.

ವಾಷಿಂಗ್ಟನ್ ಅಧ್ಯಯನದ ಮಹತ್ವ ಇಲ್ಲಿಯೇ ಇದೆ. ವಯಸ್ಸು, ಲಿಂಗ, ಜನಾಂಗಗಳ ವ್ಯತ್ಯಾಸವನ್ನು ಸರಿದೂಗಿಸಿದಾಗ ಬಿಡುಗಡೆಯಾದವರ ಮರಣದ ಅಪಾಯ ಇತರ ನಿವಾಸಿಗಳ 3.5 ಪಟ್ಟು; ಮೊದಲ ಎರಡು ವಾರಗಳಲ್ಲಿ 12.7 ಪಟ್ಟು, ಆ ಅವಧಿಯಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸಾಯುವ ಅಪಾಯ 129 ಪಟ್ಟು. ಸೆರೆಯಲ್ಲಿ ಸೇವನೆ ನಿಂತು ಅಥವಾ ತಗ್ಗಿ, ದೇಹದ ಸಹಿಷ್ಣುತೆ ಕುಗ್ಗಿರುವುದರಿಂದ ಹಳೆಯ ಪ್ರಮಾಣವೇ ಮಾರಕವಾಗುತ್ತದೆ.

ಆದರೆ ಸಾಮಾನ್ಯ ಜನತೆಯೊಡನೆ ಮಾಡುವ ಹೋಲಿಕೆಯಲ್ಲಿ ಬಡತನ, ವ್ಯಸನ, ಅನಾರೋಗ್ಯಗಳ ಪ್ರಭಾವವೂ ಬೆರೆತಿರುತ್ತದೆ. ಬಿಡುಗಡೆಯಾದವರ ಸಮೂಹದೊಳಗೇ ಎರಡು ಅವಧಿಗಳನ್ನು ಹೋಲಿಸಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಸ್ಕಾಟ್‌ಲೆಂಡಿನಲ್ಲಿ 1996–99ರ ಅವಧಿಗೆ ಸಂಬಂಧಿಸಿ ಶೀಲಾ ಬರ್ಡ್ ಮತ್ತು ಶರಾನ್ ಹಚಿನ್ಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮಾರ್ಗವನ್ನು ಅನುಸರಿಸಿ, 15ರಿಂದ 35 ವರ್ಷದ ಪುರುಷರಲ್ಲಿ ಮಾದಕ ವಸ್ತು ಸಂಬಂಧಿ ಮರಣದರವು ಹೊರಗಿದ್ದ ಇತರ ಅವಧಿಗಿಂತ ಮೊದಲ ಎರಡು ವಾರಗಳಲ್ಲಿ ಏಳುಪಟ್ಟು ಹೆಚ್ಚೆಂದು ತೋರಿಸಿತು.

ಇಂತಹ ಅಳತೆಯೇ ಪರಿಹಾರದ ಮೌಲ್ಯಮಾಪನಕ್ಕೂ ಆಧಾರ. ಅತಿಸೇವನೆಯ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಔಷಧವನ್ನು ವಿತರಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಸ್ಕಾಟ್‌ಲೆಂಡ್ 2011ರಲ್ಲಿ ಆರಂಭಿಸಿತು. ಅಫೀಮು ವರ್ಗದ ಮಾದಕಗಳಿಂದಾದ ಮರಣಗಳಲ್ಲಿ ಬಿಡುಗಡೆಯ ನಾಲ್ಕು ವಾರಗಳೊಳಗಿನವುಗಳ ಪಾಲು 2006–10ರಲ್ಲಿ ಶೇ. 9.8 ಇದ್ದುದು 2011–13ರಲ್ಲಿ ಶೇ. 6.3ಕ್ಕೆ ಇಳಿಯಿತು. ಇದು ಮುನ್ನ-ನಂತರದ ಹೋಲಿಕೆಯಾದುದರಿಂದ ಇತರ ಕಾರಣಗಳನ್ನು ಪೂರ್ಣವಾಗಿ ತಳ್ಳಿಹಾಕಲಾಗದು.

ಭಾರತದಲ್ಲಿ 1969ರ ಕಾಯಿದೆಯಂತೆ ಮರಣ ನೋಂದಣಿ ಕಡ್ಡಾಯ. ಬಿಡುಗಡೆಯ ದಿನಾಂಕ ಕಾರಾಗೃಹದ ದಾಖಲೆಗಳಲ್ಲಿರುತ್ತದೆ. ಇವೆರಡನ್ನೂ ಜೋಡಿಸುವಾಗ ಗುರುತಿನ ವಿವರಗಳನ್ನು ನೋಡುವವರು ಬೇರೆ, ವಿಶ್ಲೇಷಿಸುವವರು ಬೇರೆಯಾಗಿರಬೇಕು. ಸೆರೆವಾಸದ ಕಳಂಕ ಕುಟುಂಬಕ್ಕೆ ತಗುಲಬಾರದು. ಇಷ್ಟು ಎಚ್ಚರಿಕೆಯೊಡನೆ ನಡೆಯುವ ಎಣಿಕೆ ಮಾತ್ರ ಬಿಡುಗಡೆಯ ನಂತರದ ಸಾವನ್ನು ವೈಯಕ್ತಿಕ ದುರ್ವಿಧಿ ಎಂಬ ಗ್ರಹಿಕೆಯಿಂದ ತಡೆಗಟ್ಟಬಹುದಾದ ಮರಣ ಎಂಬ ಅರಿವಿಗೆ ತರಬಲ್ಲದು.