ಲ್ಯಾಪ್‌ಟಾಪಿನ ಆಟವೂ ಶಾಖದ ಕಟ್ಟಳೆಯೂ

ಹೆಸರು ಒಂದೇ ಆದ ಮಾತ್ರಕ್ಕೆ ಬಲವೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಎನ್‌ವಿಡಿಯಾ ಸಂಸ್ಥೆಯು ೨೦೨೨ರಲ್ಲಿ ಮೇಜಿನ ಗಣಕಯಂತ್ರಗಳಿಗಾಗಿ ‘ಜೀಫೋರ್ಸ್ ಆರ್‌ಟಿಎಕ್ಸ್ ೪೦೯೦’ ಎಂಬ ಗ್ರಾಫಿಕ್ಸ್ ಸಾಧನವನ್ನು ಹೊರತಂದಿತು. ಅದು ೪೫೦ ವ್ಯಾಟ್ ವಿದ್ಯುತ್ತನ್ನು ಬಳಸಬಲ್ಲುದು. ಮರುವರ್ಷ ಅದೇ ಹೆಸರನ್ನೂ ಅದೇ ಸಂಖ್ಯೆಯನ್ನೂ ಹೊತ್ತು ಲ್ಯಾಪ್‌ಟಾಪುಗಳಿಗಾಗಿ ಇನ್ನೊಂದು ಸಾಧನವು ಬಂದಿತು. ಇದಕ್ಕೆ ಗೊತ್ತುಮಾಡಿದ ವಿದ್ಯುತ್ ಪ್ರಮಾಣವು ೮೦ರಿಂದ ೧೫೦ ವ್ಯಾಟ್ ಮಾತ್ರ. ಮೊದಲನೆಯದರಲ್ಲಿ ೧೬,೩೮೪ ಗಣನಾ ಘಟಕಗಳಿದ್ದರೆ ಎರಡನೆಯದರಲ್ಲಿ ಇರುವುವು ೯,೭೨೮. ಹೀಗೆ ಹೆಸರಿನಲ್ಲಿ ಅವಳಿಗಳಾಗಿದ್ದರೂ ಬಲದಲ್ಲಿ ಅವು ಅಣ್ಣತಮ್ಮಂದಿರು.

ಈ ವ್ಯತ್ಯಾಸಕ್ಕೆ ಕಾರಣವೇನು? ತಯಾರಕರ ಜಿಪುಣತನವೆಂದು ಕೆಲವರು ಹೇಳುವುದುಂಟು. ಆ ಉತ್ತರವು ಸುಲಭವಾದುದು, ಆದರೆ ಸರಿಯಾದುದಲ್ಲ. ನಿಜವಾದ ಕಾರಣವನ್ನು ನಾವು ಭೌತಶಾಸ್ತ್ರದಲ್ಲಿ ಹುಡುಕಬೇಕು. ಲ್ಯಾಪ್‌ಟಾಪು ಎಷ್ಟು ವೇಗವಾಗಿ ಚಿತ್ರ ಬರೆಯಬಲ್ಲುದೆಂಬುದನ್ನು ಕಡೆಗೆ ನಿರ್ಧರಿಸುವುದು ಅದರ ಚಿಪ್‌ನ ಜಾಣತನಕ್ಕಿಂತ ಹೆಚ್ಚಾಗಿ, ಆ ತೆಳುವಾದ ಪೆಟ್ಟಿಗೆಯಿಂದ ಪ್ರತಿ ಸೆಕೆಂಡಿಗೆ ಎಷ್ಟು ಶಾಖವನ್ನು ಹೊರಹಾಕಬಹುದೆಂಬ ಲೆಕ್ಕವೇ. ಮನೆಯವರು ಕೂಡಿಟ್ಟ ಹಣದಿಂದ ಇಂತಹ ಯಂತ್ರವೊಂದನ್ನು ಕೊಳ್ಳಹೊರಡುವ ವಿದ್ಯಾರ್ಥಿಗೆ ಈ ಲೆಕ್ಕವನ್ನು ತಿಳಿದಿರುವುದು ತೀರ ಪ್ರಯೋಜನಕರವಾದ ಸಂಗತಿ.

ಒಂದು ಚಿತ್ರದ ಹಿಂದಿನ ದುಡಿಮೆ

ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಸ್ಥಿರಚಿತ್ರಗಳು ಒಂದರ ಹಿಂದೊಂದು ಬಂದು ಕಣ್ಣಿಗೆ ಚಲನೆಯ ಭ್ರಮೆಯನ್ನು ಕೊಡುತ್ತವೆ. ಆ ಚಿತ್ರಗಳೆಲ್ಲವೂ ಮೊದಲೇ ಸಿದ್ಧವಾಗಿರುವಂಥವು. ವಿಡಿಯೋ ಆಟದಲ್ಲಿಯಾದರೋ ಹಾಗಲ್ಲ. ಆಟಗಾರನು ಮುಂದಿನ ಕ್ಷಣದಲ್ಲಿ ಎಡಕ್ಕೆ ತಿರುಗುವನೋ ಬಲಕ್ಕೆ ತಿರುಗುವನೋ ಯಾರೂ ಅರಿಯರು. ಆದಕಾರಣ ಪ್ರತಿಯೊಂದು ಚಿತ್ರವನ್ನೂ ಆಯಾ ಕ್ಷಣದಲ್ಲಿಯೇ ಹೊಸದಾಗಿ ಲೆಕ್ಕಹಾಕಿ ಬರೆಯಬೇಕು. ಸೆಕೆಂಡಿಗೆ ೬೦ ಚಿತ್ರಗಳು ಬೇಕಾದರೆ ಒಂದೊಂದಕ್ಕೆ ದೊರೆಯುವ ಕಾಲವು ಸೆಕೆಂಡಿನ ಸಾವಿರದಲ್ಲಿ ೧೬.೭ ಭಾಗ ಮಾತ್ರ.

ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦, ಒಟ್ಟು ೨೦,೭೩,೬೦೦ ಚಿತ್ರಬಿಂದುಗಳಿರುತ್ತವೆ. ಇವನ್ನು ಪಿಕ್ಸೆಲ್‌ಗಳೆಂದು ಕರೆಯುತ್ತಾರೆ. ಸೆಕೆಂಡಿಗೆ ೬೦ ಚಿತ್ರಗಳಾದರೆ ಸುಮಾರು ೧೨ ಕೋಟಿ ೪೪ ಲಕ್ಷ ಬಿಂದುಗಳ ಬಣ್ಣವನ್ನು ನಿರ್ಣಯಿಸಬೇಕಾಯಿತು. ೪ಕೆ ಎನ್ನಲಾಗುವ ಪರದೆಯಲ್ಲಿ ಈ ಸಂಖ್ಯೆಯು ಸರಿಯಾಗಿ ನಾಲ್ಕು ಪಟ್ಟು.

ಒಂದು ಬಿಂದುವಿನ ಬಣ್ಣವೆಂದರೆ ಒಂದು ಸಣ್ಣ ಕೂಡುವ ಲೆಕ್ಕವಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆಯು ೨೦೨೦ರ ಡಿಸೆಂಬರಿನಲ್ಲಿ ಹೊರತಂದ ‘ಸೈಬರ್‌ಪಂಕ್ ೨೦೭೭’ ಎಂಬ ಆಟವನ್ನು ಉದಾಹರಣೆಯಾಗಿ ನೋಡೋಣ. ಕತ್ತಲ ನಗರ, ಬಣ್ಣಬಣ್ಣದ ದೀಪಗಳು, ಮಳೆಯಿಂದ ತೊಯ್ದ ರಸ್ತೆ. ಯಾವ ದೀಪದ ಬೆಳಕು ಎಲ್ಲಿ ಬಿದ್ದು, ಯಾವ ಗೋಡೆಯಿಂದ ಪ್ರತಿಫಲಿಸಿ, ನೀರಿನಲ್ಲಿ ಹೇಗೆ ಮೂಡೀತೆಂಬುದನ್ನು ಕಿರಣಗಳ ಜಾಡು ಹಿಡಿದು ಲೆಕ್ಕಹಾಕುವ ವಿಧಾನವನ್ನು ಆ ಆಟವು ಬಳಸುತ್ತದೆ. ೨೦೨೩ರ ಏಪ್ರಿಲ್‌ನಲ್ಲಿ ಅದಕ್ಕೆ ಇನ್ನೂ ಕಠಿಣವಾದ ಕಿರಣಗಣನೆಯ ಕ್ರಮವೊಂದು ಸೇರಿತು. ಅಂದು ದೊರೆಯುತ್ತಿದ್ದ ಅತ್ಯಂತ ಬಲಶಾಲಿಯಾದ ಮೇಜಿನ ಯಂತ್ರಗಳೂ ಅದರ ಮುಂದೆ ಏದುಸಿರು ಬಿಟ್ಟುವು.

ಇಷ್ಟು ಲೆಕ್ಕವನ್ನು ಗ್ರಾಫಿಕ್ಸ್ ಚಿಪ್ ಮಾಡುವುದು ಹೇಗೆ? ದೊಡ್ಡ ಸಮಾರಂಭದ ಊಟದ ಪಂಕ್ತಿಯನ್ನು ನೆನೆದುಕೊಳ್ಳಿ. ಒಬ್ಬನೇ ಬಡಿಸಹೊರಟರೆ, ಆತನು ಎಷ್ಟೇ ಚುರುಕಾಗಿರಲಿ, ಕೊನೆಯ ಎಲೆಯನ್ನು ಮುಟ್ಟುವಷ್ಟರಲ್ಲಿ ಮೊದಲ ಎಲೆಯವರು ಎದ್ದುಹೋಗಿರುತ್ತಾರೆ. ಒಂದು ಎಲೆಗೆ ಬಡಿಸುವುದು ಇನ್ನೊಂದು ಎಲೆಗಾಗಿ ಕಾಯಬೇಕಾದ ಕೆಲಸವಲ್ಲವಾದುದರಿಂದ ನೂರು ಜನರು ಏಕಕಾಲದಲ್ಲಿ ಬಡಿಸಬಹುದು. ಚಿತ್ರಬಿಂದುಗಳೂ ಹಾಗೆಯೇ. ಆದಕಾರಣವೇ ಗ್ರಾಫಿಕ್ಸ್ ಚಿಪ್‌ನಲ್ಲಿ ಸಾವಿರಾರು ಚಿಕ್ಕ ಗಣನಾ ಘಟಕಗಳು ಒಟ್ಟಿಗೆ ದುಡಿಯುತ್ತವೆ. ಆದರೆ ದುಡಿಯುವ ಕೈಗಳು ಹೆಚ್ಚಿದಷ್ಟೂ ಬೆವರೂ ಹೆಚ್ಚು.

ಶಾಖವು ಹುಟ್ಟುವ ಬಗೆ

ಚಿಪ್‌ನೊಳಗೆ ಟ್ರಾನ್ಸಿಸ್ಟರುಗಳೆಂಬ ಕೋಟ್ಯಂತರ ಸೂಕ್ಷ್ಮ ಸ್ವಿಚ್ಚುಗಳಿವೆ. ಅವು ತೆರೆದು ಮುಚ್ಚುವಾಗಲೆಲ್ಲ ಸ್ವಲ್ಪ ವಿದ್ಯುದಂಶವು ತುಂಬಿ ಬರಿದಾಗುತ್ತದೆ. ಆ ಶಕ್ತಿಯು ಕಡೆಗೆ ಶಾಖವಾಗಿ ಪರಿಣಮಿಸುತ್ತದೆ. ಶಕ್ತಿಗೆ ನಾಶವಿಲ್ಲವೆಂಬ ನಿಯಮವನ್ನು ನಾವು ಶಾಲೆಯಲ್ಲಿಯೇ ಓದಿದ್ದೇವೆ. ೧೫೦ ವ್ಯಾಟ್ ವಿದ್ಯುತ್ತನ್ನು ಕುಡಿಯುವ ಚಿಪ್ ೧೫೦ ವ್ಯಾಟ್ ಶಾಖವನ್ನು ಹೊರಗೆಡಹಲೇಬೇಕು. ಹಳೆಯ ಕಾಲದ ೬೦ ವ್ಯಾಟ್ ಬಲ್ಬು ಉರಿಯುತ್ತಿರುವಾಗ ಅದನ್ನು ಕೈಯಿಂದ ಮುಟ್ಟಲಾಗುತ್ತಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಅಂತಹ ಎರಡೂವರೆ ಬಲ್ಬುಗಳ ಶಾಖವು ಇಲ್ಲಿ ಹೆಬ್ಬೆರಳಿನಗಲದ ಸಿಲಿಕಾನ್ ತುಣುಕಿನಿಂದ ಹೊಮ್ಮುತ್ತದೆ.

ಇನ್ನು ಮುಖ್ಯವಾದ ಗಣಿತಕ್ಕೆ ಬರೋಣ. ಸ್ವಿಚ್ಚುಗಳ ಮಿಡಿತದಿಂದ ಹುಟ್ಟುವ ಶಾಖವು ಮಿಡಿತದ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಇಲ್ಲವಾದರೆ ಸ್ವಿಚ್ಚುಗಳು ಸಕಾಲದಲ್ಲಿ ತೆರೆದುಕೊಳ್ಳವು. ಇವೆರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆಂದು ಸ್ಥೂಲವಾಗಿ ಭಾವಿಸಿದರೆ, ಶಾಖವು ವೇಗದ ಘನಕ್ಕೆ ಅನುಪಾತವಾಗುತ್ತದೆ. ವೇಗವನ್ನು ಎರಡು ಪಟ್ಟು ಮಾಡಲು ಎಂಟು ಪಟ್ಟು ವಿದ್ಯುತ್ತು ಬೇಕು! ಇದನ್ನೇ ತಿರುಗಿಸಿ ನೋಡಿದರೆ ಒಂದು ಸಮಾಧಾನವೂ ಇದೆ: ವಿದ್ಯುತ್ತನ್ನು ಅರ್ಧಕ್ಕೆ ಇಳಿಸಿದರೂ ವೇಗವು ಅರ್ಧವಾಗುವುದಿಲ್ಲ, ನೂರಕ್ಕೆ ಸುಮಾರು ೭೯ರಷ್ಟು ಉಳಿದುಕೊಳ್ಳುತ್ತದೆ. ವೇಗದ ಕೊನೆಯ ಮೆಟ್ಟಿಲುಗಳೇ ಅತ್ಯಂತ ದುಬಾರಿಯಾದುವು.

ಒಂದು ಕಾಲದಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. ಟ್ರಾನ್ಸಿಸ್ಟರುಗಳನ್ನು ಕಿರಿದು ಮಾಡುತ್ತ ಹೋದರೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದೆಂದೂ, ಆಗ ಚದರಳತೆಗೆ ಹುಟ್ಟುವ ಶಾಖವು ಹೆಚ್ಚುವುದಿಲ್ಲವೆಂದೂ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ೧೯೭೪ರಲ್ಲಿ ತೋರಿಸಿದರು. ಸುಮಾರು ಮೂವತ್ತು ವರ್ಷಗಳ ಕಾಲ ಗಣಕಯಂತ್ರಗಳು ಈ ಸೌಭಾಗ್ಯವನ್ನು ಅನುಭವಿಸಿದುವು. ೨೦೦೫ರ ಸುಮಾರಿಗೆ ಅದು ಮುಗಿಯಿತು. ಸ್ವಿಚ್ಚುಗಳು ತೀರ ಚಿಕ್ಕವಾದಾಗ, ಮುಚ್ಚಿದ್ದರೂ ವಿದ್ಯುತ್ತು ಸೋರತೊಡಗಿತು. ವೋಲ್ಟೇಜನ್ನು ಮತ್ತಷ್ಟು ಇಳಿಸುವುದು ಕಷ್ಟವಾಯಿತು. ಅಂದಿನಿಂದ ಶಾಖವೇ ವೇಗದ ದೊಡ್ಡ ವೈರಿ.

ಹೊರಹೋಗುವ ದಾರಿ

ಹುಟ್ಟಿದ ಶಾಖವನ್ನು ಬೆರಳೆರಡರಷ್ಟು ದಪ್ಪದ ಪೆಟ್ಟಿಗೆಯಿಂದ ಹೊರಗೆ ಸಾಗಿಸುವುದು ಹೇಗೆ? ಈ ಕೆಲಸಕ್ಕಾಗಿ ಲ್ಯಾಪ್‌ಟಾಪಿನಲ್ಲಿ ಶಾಖನಾಳಗಳಿವೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬವರು ೧೯೬೩ರಲ್ಲಿ ಇಂತಹ ನಾಳವನ್ನು ಮಾಡಿ ತೋರಿಸಿದರು. ಮುಚ್ಚಿದ ತಾಮ್ರದ ಕೊಳವೆಯೊಳಗೆ ಗಾಳಿಯನ್ನು ತೆಗೆದು ಸ್ವಲ್ಪ ನೀರನ್ನಿಟ್ಟಿರುತ್ತಾರೆ. ಒತ್ತಡವು ಕಡಮೆಯಾದುದರಿಂದ ಆ ನೀರು ಕಡಮೆ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಆವಿಯು ತಣ್ಣಗಿನ ತುದಿಗೆ ಹರಿದು, ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ನಾಳದ ಒಳಮೈ ಆ ನೀರನ್ನು ಹೀರಿ ಬಿಸಿ ತುದಿಗೆ ಮರಳಿಸುತ್ತದೆ. ತಣ್ಣಗಿನ ತುದಿಯಲ್ಲಿರುವ ತೆಳುವಾದ ಲೋಹದ ರೆಕ್ಕೆಗಳ ಮೇಲೆ ಫ್ಯಾನು ಗಾಳಿಯನ್ನು ಹಾಯಿಸುತ್ತದೆ.

ಕಡೆಗೆ ಎಲ್ಲವೂ ನಿಲ್ಲುವುದು ಸುತ್ತಲಿನ ಗಾಳಿಯ ಮೇಲೆ. ಫ್ಯಾನಿನ ವೇಗವು ಒಂದೇ ಆಗಿದ್ದಲ್ಲಿ, ಹೊರಹೋಗುವ ಶಾಖವು ಚಿಪ್‌ನ ಉಷ್ಣತೆಗೂ ಕೋಣೆಯ ಉಷ್ಣತೆಗೂ ಇರುವ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಚಿಪ್‌ಗೆ ೮೫ ಡಿಗ್ರಿ ಸೆಲ್ಸಿಯಸ್ಸಿನ ಮಿತಿಯೆಂದು ಇಟ್ಟುಕೊಳ್ಳೋಣ. ೨೫ ಡಿಗ್ರಿಯ ಕೋಣೆಯಲ್ಲಿ ಅಂತರವು ೬೦ ಡಿಗ್ರಿ. ಕಲಬುರಗಿಯ ಬೇಸಗೆಯಲ್ಲಿ ಕೋಣೆಯು ೪೦ ಡಿಗ್ರಿ ಮುಟ್ಟಿದರೆ ಉಳಿಯುವ ಅಂತರವು ೪೫. ಮೊದಲು ೧೦೦ ವ್ಯಾಟ್ ಶಾಖವನ್ನು ಹೊರಹಾಕುತ್ತಿದ್ದ ಅದೇ ಯಂತ್ರವು ಈಗ ೭೫ ವ್ಯಾಟನ್ನು ಮಾತ್ರ ಹಾಕಬಲ್ಲುದು. ಬೆಂಗಳೂರಿನವರಿಗೆ ಹವೆಯು ತಂಪಾಗಿದ್ದರೂ ಇನ್ನೊಂದು ಚಿಕ್ಕ ತೆರಿಗೆಯುಂಟು: ಸಮುದ್ರಮಟ್ಟದಿಂದ ೯೦೦ ಮೀಟರು ಎತ್ತರದಲ್ಲಿ ಗಾಳಿಯು ಸಮುದ್ರತೀರಕ್ಕಿಂತ ನೂರಕ್ಕೆ ಸುಮಾರು ಹತ್ತರಷ್ಟು ವಿರಳವಾಗಿರುವುದರಿಂದ ಫ್ಯಾನು ಒಯ್ಯುವ ಶಾಖವೂ ತುಸು ಕಡಮೆ.

ಮಿತಿಯನ್ನು ಮುಟ್ಟಿದೊಡನೆ ಚಿಪ್ ತಾನಾಗಿಯೇ ಮಿಡಿತದ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಟದ ಮೊದಲ ಕೆಲವು ನಿಮಿಷಗಳು ಸೊಗಸಾಗಿ ಸಾಗಿ, ಬಳಿಕ ಚಿತ್ರಗಳು ತಡವರಿಸತೊಡಗುವುದನ್ನು ಅನೇಕರು ಕಂಡಿರಬಹುದು. ಮೊದಲು ಹುಟ್ಟಿದ ಶಾಖವನ್ನು ತಣ್ಣಗಿದ್ದ ಲೋಹವು ತನ್ನಲ್ಲಿ ತುಂಬಿಕೊಂಡಿತು. ಲೋಹವು ಕಾದ ಮೇಲೆ ಉಳಿದ ದಾರಿಯು ಗಾಳಿಯೊಂದೇ. ಇದು ಯಂತ್ರದ ರೋಗವಲ್ಲ, ಅದರ ಆತ್ಮರಕ್ಷಣೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಮುಖ್ಯ ಸಂಸ್ಕಾರಕವೂ ಗ್ರಾಫಿಕ್ಸ್ ಚಿಪ್ಪೂ ಅದೇ ಶಾಖನಾಳಗಳನ್ನು ಹಂಚಿಕೊಂಡಿರುವುದರಿಂದ, ಒಂದರ ಬಿಸಿಯು ಇನ್ನೊಂದರ ಪಾಲನ್ನು ಕಸಿಯುತ್ತದೆ.

ಬ್ಯಾಟರಿ ಮತ್ತು ಸ್ಮರಣೆ

ಶಾಖದ ಜೊತೆಗೆ ಇನ್ನೆರಡು ಗಡಿಗಳಿವೆ. ಮೊದಲನೆಯದು ಬ್ಯಾಟರಿ. ವಿಮಾನ ಪ್ರಯಾಣಿಕರು ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಗೆ ೧೦೦ ವ್ಯಾಟ್-ಗಂಟೆಯ ಮಿತಿಯಿದೆ. ಆದುದರಿಂದ ತಯಾರಕರು ಅದರೊಳಗೇ ನಿಲ್ಲುತ್ತಾರೆ. ಒಟ್ಟು ೨೦೦ ವ್ಯಾಟ್ ಬಳಸುವ ಯಂತ್ರಕ್ಕೆ ೯೦ ವ್ಯಾಟ್-ಗಂಟೆಯ ಬ್ಯಾಟರಿಯು ೨೭ ನಿಮಿಷಗಳಲ್ಲಿ ಬರಿದಾದೀತು. ಅಷ್ಟು ರಭಸದಿಂದ ವಿದ್ಯುತ್ತನ್ನು ಸೆಳೆಯುವುದು ಬ್ಯಾಟರಿಗೂ ಹಿತವಲ್ಲ. ಗೋಡೆಯ ವಿದ್ಯುತ್ತನ್ನು ಕಿತ್ತೊಡನೆ ಆಟವು ಕುಂಟುವುದಕ್ಕೆ ಇದೇ ಕಾರಣ. ಯಂತ್ರವೇ ತನ್ನ ವ್ಯಾಟುಗಳನ್ನು ಕಡಿತಗೊಳಿಸಿರುತ್ತದೆ.

ಎರಡನೆಯದು ಸ್ಮರಣೆ. ಗೋಡೆ, ಬಟ್ಟೆ, ಮರಗಿಡಗಳ ಮೇಲ್ಮೈಯ ಚಿತ್ರಗಳೆಲ್ಲವೂ ಗ್ರಾಫಿಕ್ಸ್ ಚಿಪ್‌ನ ಪಕ್ಕದ ಸ್ಮರಣೆಯಲ್ಲಿರಬೇಕು. ಲ್ಯಾಪ್‌ಟಾಪಿನ ‘ಆರ್‌ಟಿಎಕ್ಸ್ ೪೦೬೦’ರಲ್ಲಿ ಇದು ೮ ಗಿಗಾಬೈಟ್, ಸೆಕೆಂಡಿಗೆ ೨೫೬ ಗಿಗಾಬೈಟಿನಷ್ಟು ಮಾಹಿತಿಯು ಅಲ್ಲಿಂದ ಹರಿಯಬಲ್ಲುದು. ಸ್ಥಳವು ಸಾಲದೆ ಯಂತ್ರದ ಸಾಮಾನ್ಯ ಸ್ಮರಣೆಗೆ ಕೈಚಾಚಿದರೆ, ನಡುವಣ ದಾರಿಯಲ್ಲಿ ಹರಿಯುವುದು ಸೆಕೆಂಡಿಗೆ ಸುಮಾರು ೧೬ ಗಿಗಾಬೈಟ್, ಎಂದರೆ ಹದಿನಾರನೆಯ ಒಂದು ಪಾಲು. ಆಗ ಉಂಟಾಗುವ ತಡವರಿಕೆಗೆ ಫ್ಯಾನಿನಿಂದ ಪರಿಹಾರವಿಲ್ಲ. ಈ ಸ್ಮರಣೆಯನ್ನು ಫಲಕಕ್ಕೆ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಿಕೊಳ್ಳುವ ಮಾತೂ ಇಲ್ಲ.

ಲೆಕ್ಕದಿಂದ ಬರುವ ಲಾಭ

ಇಷ್ಟನ್ನು ತಿಳಿದ ಮೇಲೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆಯು ಬದಲಾಗುತ್ತದೆ. ‘ಯಾವ ಚಿಪ್ ಇದೆ?’ ಎಂದಷ್ಟೇ ಕೇಳಿದರೆ ಸಾಲದು. ‘ಅದಕ್ಕೆ ಎಷ್ಟು ವ್ಯಾಟ್ ಕೊಟ್ಟಿದ್ದೀರಿ? ಸ್ಮರಣೆ ಎಷ್ಟು?’ ಎಂದು ಕೇಳಬೇಕು. ಲ್ಯಾಪ್‌ಟಾಪಿನ ೪೦೬೦ ಚಿಪ್‌ಗೆ ೩೫ ವ್ಯಾಟಿನಿಂದ ೧೧೫ ವ್ಯಾಟಿನವರೆಗೆ ಯಾವ ಪ್ರಮಾಣವನ್ನಾದರೂ ಗೊತ್ತುಮಾಡುವ ಸ್ವಾತಂತ್ರ್ಯವು ಲ್ಯಾಪ್‌ಟಾಪು ಕಟ್ಟುವವರಿಗಿದೆ. ಹೆಚ್ಚು ವ್ಯಾಟ್ ಪಡೆದ ೪೦೬೦, ಕಡಮೆ ವ್ಯಾಟ್ ಪಡೆದ ದೊಡ್ಡ ಸಂಖ್ಯೆಯ ಚಿಪ್‌ಗೆ ಸರಿಸಾಟಿಯಾಗಿ ನಿಲ್ಲುವ ಪ್ರಸಂಗಗಳುಂಟು. ಹಗುರವಾದ ತೆಳು ಯಂತ್ರವನ್ನು ಬಯಸುವವನು ವೇಗದಲ್ಲಿ ಬೆಲೆ ತೆರಬೇಕು. ವೇಗವನ್ನು ಬಯಸುವವನು ತೂಕವನ್ನೂ ಫ್ಯಾನಿನ ಸದ್ದನ್ನೂ ಸಹಿಸಬೇಕು.

ಯಂತ್ರವನ್ನು ಈಗಾಗಲೇ ಕೊಂಡವರಿಗೂ ದಾರಿಗಳಿವೆ. ಘನದ ನಿಯಮವು ಇಲ್ಲಿ ನಮ್ಮ ಕಡೆಗಿದೆ. ಚಿತ್ರಗಳ ಸಂಖ್ಯೆಯನ್ನು ಸೆಕೆಂಡಿಗೆ ೬೦ಕ್ಕೆ ಮಿತಿಗೊಳಿಸಿದರೆ, ಕಣ್ಣಿಗೆ ಹೆಚ್ಚಿನ ನಷ್ಟವಾಗದೆ ಬಹಳಷ್ಟು ಶಾಖವು ಉಳಿಯುತ್ತದೆ. ೧,೯೨೦ ಬದಲಿಗೆ ೧,೨೮೦, ೧,೦೮೦ ಬದಲಿಗೆ ೭೨೦ ಬಿಂದುಗಳ ಚಿತ್ರವನ್ನು ಬರೆಯಿಸಿದರೆ ಬಿಂದುಗಳ ಲೆಕ್ಕವು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ೨೦೧೮ರಿಂದೀಚೆಗೆ ಬಳಕೆಗೆ ಬಂದಿರುವ ಇನ್ನೊಂದು ಉಪಾಯದಲ್ಲಿ, ಹೀಗೆ ಚಿಕ್ಕದಾಗಿ ಬರೆದ ಚಿತ್ರವನ್ನು ಮೊದಲೇ ತರಬೇತು ಪಡೆದ ಗಣಿತಜಾಲವೊಂದು ದೊಡ್ಡದಾಗಿಸಿ, ಕಾಣೆಯಾದ ವಿವರಗಳನ್ನು ಊಹಿಸಿ ತುಂಬುತ್ತದೆ. ಲ್ಯಾಪ್‌ಟಾಪಿನ ಹಿಂಬದಿಯನ್ನು ತುಸು ಎತ್ತರಿಸಿ, ಹಾಸಿಗೆಯ ಮೇಲಿಡದೆ ಗಟ್ಟಿಯಾದ ಮೇಜಿನ ಮೇಲಿಟ್ಟರೆ ಗಾಳಿಗೆ ದಾರಿಯಾಗುತ್ತದೆ. ರೆಕ್ಕೆಗಳಲ್ಲಿ ಕುಳಿತ ದೂಳನ್ನು ತೆಗೆಯಿಸುವುದೂ ಅಷ್ಟೇ ಅಗತ್ಯ.

ಆಸಕ್ತ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಆಟದಲ್ಲಿ ಒಂದೇ ದೃಶ್ಯವನ್ನು ಆರಿಸಿಕೊಂಡು, ಚಿಪ್‌ನ ಉಷ್ಣತೆ, ಅದು ಬಳಸುವ ವ್ಯಾಟ್ ಮತ್ತು ಸೆಕೆಂಡಿಗೆ ಮೂಡುವ ಚಿತ್ರಗಳು—ಈ ಮೂರನ್ನೂ ಮೊದಲ ಎರಡು ನಿಮಿಷಗಳಲ್ಲಿ ಒಮ್ಮೆ, ಅರ್ಧ ಗಂಟೆಯ ಬಳಿಕ ಇನ್ನೊಮ್ಮೆ ಗುರುತುಹಾಕಿಕೊಳ್ಳಿ. ಇದನ್ನು ತೋರಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ನಡುಹಗಲಿನಲ್ಲಿ ಒಂದು ಸಲ, ರಾತ್ರಿಯ ತಂಪಿನಲ್ಲಿ ಒಂದು ಸಲ ಅಳೆದು, ಅಂಕಿಗಳನ್ನು ಚೌಕುಳಿ ಕಾಗದದ ಮೇಲೆ ಗೆರೆಯಾಗಿ ಬರೆದರೆ, ಕೋಣೆಯ ಗಾಳಿಗೂ ಪರದೆಯ ಮೇಲಿನ ಚಿತ್ರಕ್ಕೂ ಇರುವ ನಂಟು ತಾನಾಗಿಯೇ ಕಾಣಿಸುತ್ತದೆ.